ಸಿಲ್ವರ್ ಓಕ್ ಮರದ ಕೇಬಲ್

ತೋಟದಲ್ಲಿ ಕೊಂಬೆ ಸವರಲು ಬಂದವರು ಇವತ್ತು ಸಿಲ್ವರ್ ಓಕ್ ಮರದಿಂದ ಹಳೆಯ ಕೇಬಲ್ ವೈರ್ ಎಳೆದರು. ಅರ್ಧ ಬಂತು, ಅರ್ಧ ಬರಲಿಲ್ಲ. ತೊಗಟೆ ಅದರ ಮೇಲೆಯೇ ಬೆಳೆದು ವೈರನ್ನು ನುಂಗಿಬಿಟ್ಟಿದೆ. ಪಕ್ಕದ ಆಂಪ್ಲಿಫಯರ್ ಡಬ್ಬಿ ತೆರೆದರೆ ಒಳಗೆಲ್ಲ ಇರುವೆ ಗೂಡು.

ಆ ವೈರಿನಲ್ಲೇ ಎಸ್‌ಎಸ್ ಮ್ಯೂಸಿಕ್ ಬರುತ್ತಿತ್ತು. ನೆನಪಿದೆಯೇ?

ಚೆನ್ನೈಯ ವಾಹಿನಿ. ತಮಿಳು ಹಾಡು ಮುಗಿದರೆ ಮಲಯಾಳಂ, ಅದರ ಹಿಂದೆಯೇ ತೆಲುಗು, ನಡುವೆ ಕನ್ನಡ. (ಕನ್ನಡದ ಪಾಲು ಕಡಿಮೆ ಎಂದು ಆಗಲೂ ಗೊಣಗುತ್ತಿದ್ದೆವು.) ವಿರಾಜಪೇಟೆ ಕಡೆಯ ನಮಗೆ ಅದೇನೂ ವಿಚಿತ್ರವಲ್ಲ. ಸಂತೆಗೆ ಹೋದರೆ ಕೊಡವ ತಕ್ಕ್, ಕನ್ನಡ, ಮಲಯಾಳಂ ಎಲ್ಲವೂ ಒಟ್ಟಿಗೇ ಕಿವಿಗೆ ಬೀಳುತ್ತವೆ.

ಆ ವಾಹಿನಿ ಗಾಯಕರನ್ನೂ ಹುಡುಕಿತು. ಅದರ ಸ್ಪರ್ಧೆಯಿಂದಲೇ ಎಸ್5 ತಂಡ ಹುಟ್ಟಿದ್ದು. ಬೆನ್ನಿ ದಯಾಳ್ ಅದರಲ್ಲಿದ್ದರು. ಮುಂದೆ ಅವರು ಎ.ಆರ್. ರೆಹಮಾನ್ ಸಂಗೀತದಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ವಾಹಿನಿ ಮಾತ್ರ ಟಿವಿಯಿಂದ ಮರೆಯಾಯಿತು, ಹೆಸರು ಯೂಟ್ಯೂಬಿಗೆ ಹೋಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಾಡಿಗಾಗಿ ಟಿವಿ ಮುಂದೆ ಕೂರುವವರು ಯಾರು? 2018ರಲ್ಲಿ ಭಾರತದ ಚಾನೆಲ್ ವಿ ವಾಹಿನಿ ಕೂಡ ಬಾಗಿಲು ಹಾಕಿತು.

ಮುಂದಿನ ಹಾಡು ಯಾವುದೆಂದು ತಿಳಿಯದೆ ಕೂರುವುದರಲ್ಲಿ ಒಂದು ಮಜಾ ಇತ್ತು. ಬೇಡದ ಹಾಡನ್ನೂ ಪೂರ್ತಿ ಕೇಳುತ್ತಿದ್ದೆವು, ವಾರ ಕಳೆಯುವಷ್ಟರಲ್ಲಿ ಅದನ್ನೇ ಗುನುಗುತ್ತಿದ್ದೆವು.

ತಂಗಿ ಒಪ್ಪುವುದಿಲ್ಲ. ಈಗ ಬೇಕಾದ ಹಾಡು ಬೇಕಾದಾಗ ಸಿಗುತ್ತದಲ್ಲ ಅಣ್ಣ, ಎನ್ನುತ್ತಾಳೆ.

ಅವಳಿಗೇನು, ಮೈಸೂರಿನಲ್ಲಿದ್ದಾಳೆ. ಇಲ್ಲಿ ಮಳೆಗೆ ಕರೆಂಟ್ ಹೋದರೆ ಅದರ ಹಿಂದೆಯೇ ಟವರೂ ಹೋಗುತ್ತದೆ.