ಮೂರು, ಮೂರು, ನಾಲ್ಕು

ಜನವರಿಯ ಒಂದು ಭಾನುವಾರ ಬಟ್ಟೆ ನೆನೆಹಾಕುವಾಗ ಹುಡುಗನ ದಿಂಬಿನ ಕವರ್ ಕೈಗೆ ಬಂತು. ಒಂದು ಮೂಲೆಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಕಲೆಗಳು. ಟೀ ಚೆಲ್ಲಿಕೊಂಡಿರಬೇಕು ಅಂದುಕೊಂಡೆ. ತಣ್ಣೀರು ಹಾಕಿ ಉಜ್ಜಿದಾಗ ಕೆಂಪಗೆ ಬಿಟ್ಟಿತು. ಅದು ರಕ್ತ.

ಹುಡುಗ ಅಂದರೆ ನನ್ನ ಅಕ್ಕನ ಮಗ. 17 ವರ್ಷ. ಅಕ್ಕ, ಭಾವ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿದ್ದಾರೆ. ದಾವಣಗೆರೆಯಲ್ಲಿ ಪಿಯುಸಿ ಓದಲಿ, ಜೊತೆಗೆ ನೀಟ್ ಕೋಚಿಂಗ್ ಆಗಲಿ ಅಂತ ಅವನನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದರು. ಬಂದ ಹೊಸದರಲ್ಲಿ ಮನೆ ತುಂಬಾ ಅವನ ನಗುವೇ. ಸಂಜೆಯಾದರೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರೋಣ ಅಂತ ಚಿಕ್ಕಪ್ಪನನ್ನು ಎಬ್ಬಿಸುತ್ತಿದ್ದ.

ದಸರಾ ಕಳೆದ ಮೇಲೆ ಎಲ್ಲ ಬದಲಾಯಿತು. ಮಿರ್ಚಿ ತಂದಿಟ್ಟರೂ ಮುಟ್ಟಲಿಲ್ಲ. ಕಟಿ ರೊಟ್ಟಿ ಬಿಟ್ಟ. ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಲಸಿ ನುಂಗುತ್ತಿದ್ದ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಬಂತು. ಇದನ್ನೆಲ್ಲ ನಾನು ನೋಡಿದ್ದೆ. ಆದರೆ ನನಗೆ ಕಂಡದ್ದು ಒಂದೇ, ಬಾಯಿ ವಾಸನೆ. ಒಂದು ದಿನ ಮನೆಗೆ ನೆಂಟರು ಬಂದಾಗ ಅವರ ಎದುರಿಗೇ ಅಂದುಬಿಟ್ಟೆ, "ಇಷ್ಟು ದೊಡ್ಡವನಾಗಿದೀಯ, ಹಲ್ಲುಜ್ಜೋದನ್ನೂ ಹೇಳಿಕೊಡಬೇಕಾ?" ಅವತ್ತಿನಿಂದ ಅವನು ತಟ್ಟೆ ಹಿಡಿದುಕೊಂಡು ತನ್ನ ರೂಮಿನಲ್ಲೇ ಊಟ ಮಾಡತೊಡಗಿದ. ಓದೋದು ಜಾಸ್ತಿ ಇದೆ, ಅದಕ್ಕೇ ಅಂತ ನಾವೂ ಸುಮ್ಮನಾದೆವು.

ಒದ್ದೆ ಕವರ್ ಕೈಯಲ್ಲಿ ಹಿಡಿದೇ ರೂಮಿಗೆ ಹೋದೆ. "ಬಾಯಿ ತೋರಿಸು" ಅಂದೆ. ತೋರಿಸಲಿಲ್ಲ. ಬೈದೆ. ಗೋಡೆ ಕಡೆ ತಿರುಗಿದ. ಆಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ನೋವಿದೆಯೇನೋ?" ಹೂಂ ಅಂತ ತಲೆಯಾಡಿಸಿದ. ಕಣ್ಣು ತುಂಬಿತ್ತು.

ನಮ್ಮೂರಲ್ಲಿ ಡೆಂಟಲ್ ಕಾಲೇಜುಗಳಿರುವುದು ದೊಡ್ಡ ಅನುಕೂಲ. ಸೋಮವಾರ ಬೆಳಿಗ್ಗೆ ಕೋಚಿಂಗ್ ತಪ್ಪಿಸಿ ಕರೆದುಕೊಂಡು ಹೋದೆ. ಚೀಟಿ ಮಾಡಿಸಿದ ಮೇಲೆ ವಸಡಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಪಿಜಿ ಓದುತ್ತಿದ್ದ ಒಬ್ಬ ಹುಡುಗಿ ಅವನನ್ನು ಕುರ್ಚಿಗೆ ಮಲಗಿಸಿ ಲೈಟು ಹಾಕಿದಳು. ನಾನೂ ಬಗ್ಗಿ ನೋಡಿದೆ. ವಸಡು ಗುಲಾಬಿ ಬಣ್ಣದಲ್ಲಿರಲಿಲ್ಲ. ಕಡುಗೆಂಪಾಗಿ ಊದಿಕೊಂಡಿತ್ತು. ಹಲ್ಲಿನ ಬುಡದಲ್ಲಿ ಹಳದಿ ಪಾಚಿ. ಕೆಳಗಿನ ಮುಂದಿನ ಹಲ್ಲುಗಳ ಸಂದಿಯಲ್ಲಿ ವಸಡಿನ ತುದಿಯೇ ಸವೆದು ಬೆಳ್ಳಗಾಗಿತ್ತು. ಅಲ್ಲಿ ಗಾಳಿ ಸೋಕಿದರೂ ಅವನು ಬೆಚ್ಚಿಬೀಳುತ್ತಿದ್ದ.

ಆ ಚಿಕ್ಕ ಡಾಕ್ಟರು ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯೊಂದನ್ನು ತೆಗೆದುಕೊಂಡರು. ನೋವು ಜಾಸ್ತಿ ಇದ್ದ ಜಾಗ ಬಿಟ್ಟು, ಹಿಂದಿನ ಹಲ್ಲುಗಳ ಸುತ್ತ ವಸಡು ಎಷ್ಟು ಆಳ ಬಿಟ್ಟಿದೆ ಅಂತ ಅಳೆಯುತ್ತಾ ಹೋದರು. ಪಕ್ಕದಲ್ಲಿ ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು. "ಮೂರು, ಮೂರು, ನಾಲ್ಕು. ರಕ್ತ ಇದೆ. ಮೂರು, ನಾಲ್ಕು, ನಾಲ್ಕು. ರಕ್ತ ಇದೆ." ಒಂದೊಂದು ಸಂಖ್ಯೆ ಕೇಳಿದಾಗಲೂ ಹುಡುಗ ಕುರ್ಚಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ. ಬೆರಳ ಗೆಣ್ಣು ಬಿಳಿಚಿಕೊಂಡಿದ್ದವು.

ಡಾಕ್ಟರು ಕಡ್ಡಿ ನಿಲ್ಲಿಸಿ ಕೇಳಿದರು, "ನೋಯ್ತಾ ಇದೆಯಾ?"

"ಇಲ್ಲ ಮೇಡಂ. ಎಷ್ಟಕ್ಕೆ ಎಷ್ಟು ಬಂತು?"

ಆಕೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಪ್ರತಿ ವಾರ ಕೋಚಿಂಗಿನವರು 720ಕ್ಕೆ ಇಷ್ಟು ಅಂತ ಎಲ್ಲ ಮಕ್ಕಳ ಅಂಕಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಮೇಲಿನಿಂದ ಕೆಳಗೆ ಹೆಸರುಗಳು. ಹಳ್ಳಿಯಲ್ಲಿ ಭಾವ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹುಡುಕುತ್ತಿದ್ದರು ಅಂತ ಅಕ್ಕ ಒಮ್ಮೆ ಹೇಳಿದ್ದಳು. ಮಕ್ಕಳ ಅಂಕವನ್ನು ಹೀಗೆ ಊರಿಗೆಲ್ಲ ತೋರಿಸುವುದು ತಪ್ಪು. ಆಗಲೇ ನಾನು ಹೇಳಬೇಕಿತ್ತು.

"ಇಲ್ಲಿ ನಂಬರ್ ಕಡಿಮೆ ಇದ್ದಷ್ಟೂ ಒಳ್ಳೇದಪ್ಪ" ಅಂದರು ಡಾಕ್ಟರು. "ಮೂರರ ತನಕ ಚಿಂತೆ ಇಲ್ಲ. ನಿಂದು ಹಲ್ಲಿನ ಮೂಳೆ ತನಕ ಹೋಗಿಲ್ಲ. ವಸಡು ಊದಿಕೊಂಡಿರೋದಕ್ಕೆ ಕೆಲವು ಕಡೆ ನಾಲ್ಕು ಬರ್ತಿದೆ." ಕೆನ್ನೆಯ ಒಳಭಾಗ ಎತ್ತಿ ನನಗೆ ತೋರಿಸಿದರು. ಹಲ್ಲು ಕೂಡುವ ಮಟ್ಟಕ್ಕೆ ಸರಿಯಾಗಿ ಉದ್ದಕ್ಕೆ ಬಿಳಿ ಗೆರೆ ದಪ್ಪಗೆ ಎದ್ದಿತ್ತು. "ರಾತ್ರಿ ಹಲ್ಲು ಕಚ್ಚಿಕೊಂಡು ಮಲಗ್ತಾನೆ ಅನ್ಸುತ್ತೆ. ಎಷ್ಟು ಹೊತ್ತು ನಿದ್ದೆ ಮಾಡ್ತೀಯ?"

ಅವನು ನನ್ನ ಮುಖ ನೋಡಿದ. ನಾನು ಹೊರಗೆ ಕೂರಲಾ ಅಂತ ಕೇಳಿದೆ. "ಇರು ಚಿಕ್ಕಮ್ಮ" ಅಂದ. ಆಮೇಲೆ ಒಂದೊಂದಾಗಿ ಹೇಳಿದ.

ರಾತ್ರಿ ಎರಡರ ತನಕ ಓದು. ನಿದ್ದೆ ತಡೆಯಲು ಸಕ್ಕರೆ ಹಾಕಿದ ಟೀ, ಬಿಸ್ಕತ್ತು. ಪುಸ್ತಕದ ಮೇಲೇ ಕಣ್ಣು ಮುಚ್ಚುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಓಡುವುದು. ನವೆಂಬರಿನಲ್ಲಿ ಒಂದು ದಿನ ಹಲ್ಲುಜ್ಜುವಾಗ ರಕ್ತ ಬಂತಂತೆ. ಮೊಬೈಲಿನಲ್ಲಿ ಹುಡುಕಿದ. ರಕ್ತದ ಕ್ಯಾನ್ಸರ್ ಇದ್ದರೆ ಹೀಗಾಗುತ್ತದೆ ಅಂತ ಓದಿದ. ಬ್ರಷ್ ಮುಟ್ಟಿದರೆ ರಕ್ತ ಕಾಣುತ್ತದೆ, ಮುಟ್ಟದಿದ್ದರೆ ಕಾಣುವುದಿಲ್ಲ. ಅದಕ್ಕೇ ಬ್ರಷ್ ಬಿಟ್ಟ. ಬೆರಳಲ್ಲಿ ಪೇಸ್ಟ್ ಸವರಿ ಬಾಯಿ ಮುಕ್ಕಳಿಸಿ ಬರುತ್ತಿದ್ದ. "ನನಗೆ ಹೇಳಬಾರದಿತ್ತೇನೋ?" ಅಂದೆ. "ಕೋಚಿಂಗಿಗೆ ಅಪ್ಪ ಆಗಲೇ ಸಾಲ ಮಾಡಿದಾನೆ ಚಿಕ್ಕಮ್ಮ. ಇದಕ್ಕೆ ಇನ್ನೆಷ್ಟಾಗುತ್ತೋ ಅಂತ" ಅಂದ.

ಮೂರು ತಿಂಗಳು ಒಂದು ಮಗು ಸಾವಿನ ಭಯ ಇಟ್ಟುಕೊಂಡು ನಮ್ಮ ಮನೆಯಲ್ಲಿ ಓದುತ್ತಿತ್ತು. ನಾನು ಅವನ ಬಾಯಿ ವಾಸನೆಯ ಬಗ್ಗೆ ಮಾತಾಡುತ್ತಿದ್ದೆ.

ಅಷ್ಟರಲ್ಲಿ ವಿಭಾಗದ ಹಿರಿಯ ಮೇಡಂ ಬಂದರು. ಆಕೆ ಸ್ಟೂಲ್ ಎಳೆದುಕೊಂಡು ಅವನ ಎದುರಿಗೆ ಕೂತು ಮಾತಾಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಇದ್ದ ಸೈನಿಕರಿಗೆ ವಸಡು ಹೀಗೇ ತುದಿಯಲ್ಲಿ ಕೊಳೆಯುತ್ತಿತ್ತಂತೆ. ಅದಕ್ಕೆ 'ಕಂದಕದ ಬಾಯಿ' ಅಂತಲೇ ಹೆಸರು ಬಿತ್ತು. ನಿದ್ದೆ ಇಲ್ಲ, ಸರಿಯಾದ ಊಟ ಇಲ್ಲ, ಬಾಯಿ ತೊಳೆಯಲು ಪುರುಸೊತ್ತಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಹೆದರಿಕೆ. "ಈಗ ಯುದ್ಧ ಇಲ್ಲ. ಪರೀಕ್ಷೆ ಟೈಮಲ್ಲಿ ನಿಮ್ಮಂಥ ಮಕ್ಕಳು ಬರ್ತಾರೆ" ಅಂದರು. ಸಿಗರೇಟು, ಗುಟ್ಕಾ ಇದೆಯಾ ಅಂತಲೂ ಕೇಳಿದರು. ಅದೂ ಒಂದು ಕಾರಣ ಆಗುತ್ತದಂತೆ. ಇವನಿಗೆ ಇರಲಿಲ್ಲ.

ಒತ್ತಡ ತುಂಬಾ ದಿನ ಇದ್ದರೆ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ, ಆಗ ಪಾಚಿಯಲ್ಲಿರುವ ಬ್ಯಾಕ್ಟೀರಿಯಾದ ಜೊತೆ ಹೋರಾಡುವ ಶಕ್ತಿ ಹದ ತಪ್ಪುತ್ತದೆ ಅಂತ ವಿವರಿಸಿದರು. ಹರೆಯದ ಹಾರ್ಮೋನುಗಳೂ ಅದಕ್ಕೆ ಕೂಡಿಕೊಳ್ಳುತ್ತವೆ. ಸಣ್ಣ ಪಾಚಿಗೂ ವಸಡು ಬೇಗ ಊದುತ್ತದೆ. ಮನಸ್ಸು ಕುಗ್ಗಿದವರು ಮೊದಲು ಬಿಡುವುದು ತಮ್ಮ ಮೈಯ ಆರೈಕೆಯನ್ನೇ. "ಸೋಮಾರಿತನ ಅಂತ ಬೈಬೇಡಿ ಅಮ್ಮ" ಅಂತ ನನ್ನ ಕಡೆ ತಿರುಗಿ ಹೇಳಿದರು. ಅದರಲ್ಲಿ ಆರೋಪ ಇರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ.

ಹುಡುಗ ಕೇಳಿದ್ದು ಒಂದೇ ಪ್ರಶ್ನೆ, "ವಾಸಿ ಆಗುತ್ತಾ?"

ಅದಕ್ಕೆ ಆಕೆ 1965ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಒಂದು ಪ್ರಯೋಗ ಹೇಳಿದರು. ಹರಾಲ್ಡ್ ಲೋ ಮತ್ತು ಅವರ ಜೊತೆಗಾರರು ವಸಡು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜುವುದನ್ನು ನಿಲ್ಲಿಸಿ ಅಂದರು. ಹೆಚ್ಚಿನವರು ದಂತವೈದ್ಯ ಓದುವ ಹುಡುಗರೇ. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದೂ ಸರಿಯಾಯಿತು. "ನೋಡು, ಡಾಕ್ಟರ್ ಆಗೋರಿಗೇ ಹಾಗಾಯ್ತು, ಹೋಯ್ತು. ನಿಂದು ಸಂದಿಯಲ್ಲಿ ಸ್ವಲ್ಪ ಸವೆದಿದೆ, ಅದಕ್ಕೆ ಟೈಮ್ ಬೇಕು. ಆದ್ರೆ ನಿನ್ನ ವಸಡು ವಾಪಸ್ ಬರೋ ವಯಸ್ಸಲ್ಲಿದೆ." ಅವನ ಭುಜ ಇಳಿದದ್ದು ನನಗೆ ಕಂಡಿತು.

ಅವತ್ತು ಮೇಲೆ ಮೇಲೆ ಮಾತ್ರ ಮೆಲ್ಲಗೆ ಶುಚಿ ಮಾಡಿದರು. ಮಾತ್ರೆ, ಬಾಯಿ ಮುಕ್ಕಳಿಸುವ ಔಷಧಿ ಬರೆದರು. ಆ ಔಷಧಿ ತುಂಬಾ ದಿನ ಬಳಸಿದರೆ ಹಲ್ಲಿಗೆ ಕಲೆ ಬರುತ್ತದೆ, ಹೇಳಿದಷ್ಟೇ ದಿನ ಸಾಕು ಅಂದರು. ಅವನ ಮನಸ್ಸಿನ ಸಮಾಧಾನಕ್ಕೂ ಇರಲಿ, ನಮಗೂ ಗೊತ್ತಾಗಲಿ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಮರುದಿನ ಎಲ್ಲ ಸರಿಯಿದೆ ಅಂತ ವರದಿ ಬಂತು. ಹುಡುಗ ಆ ಕಾಗದವನ್ನು ಎರಡು ಸಲ ಓದಿ ಮಡಚಿ ಫಿಸಿಕ್ಸ್ ಪುಸ್ತಕದೊಳಗೆ ಇಟ್ಟುಕೊಂಡ.

ಆ ಚಿಕ್ಕ ಡಾಕ್ಟರು ಹೇಳಿಕೊಟ್ಟ ಒಂದು ಉಪಾಯ ತುಂಬಾ ಕೆಲಸಕ್ಕೆ ಬಂತು. ಮಲಗುವ ಮುಂಚೆ ಉಜ್ಜುತ್ತೇನೆ ಅಂದುಕೊಂಡರೆ ಸುಸ್ತಾಗಿ ಬಿಟ್ಟುಹೋಗುತ್ತದೆ. ರಾತ್ರಿ ಊಟ ಮುಗಿಸಿ ಓದಲು ಕೂರುವ ಮೊದಲೇ ಮೆತ್ತನೆಯ ಬ್ರಷ್‌ನಲ್ಲಿ ಎರಡು ನಿಮಿಷ ಉಜ್ಜಿಬಿಡು, ಆಮೇಲೆ ನೀರು ಬಿಟ್ಟು ಏನೂ ಬೇಡ ಅಂದಿದ್ದರು. ರಕ್ತ ಬಂದರೂ ನಿಲ್ಲಿಸಬೇಡ, ಪಾಚಿ ಹೋದರೆ ರಕ್ತ ತಾನೇ ನಿಲ್ಲುತ್ತದೆ ಅಂದಿದ್ದರು. ಮೊದಲ ನಾಲ್ಕು ದಿನ ನಾನು ಬಚ್ಚಲಮನೆ ಬಾಗಿಲ ಹತ್ತಿರ ನಿಂತಿದ್ದೆ. ಕಾಯಲು ಅಲ್ಲ. ಕೆಂಪು ಕಂಡಾಗ ಅವನು ಒಬ್ಬನೇ ಇರಬಾರದು ಅಂತ. ಅಂಕಪಟ್ಟಿಯ ಗುಂಪಿನಿಂದ ಭಾವ ತಾವಾಗಿಯೇ ಹೊರಗೆ ಬಂದರು. ಹನ್ನೊಂದೂವರೆಗೆ ಲೈಟು ಆರಿಸಬೇಕು ಅನ್ನುವ ಮಾತಿಗೆ ಹುಡುಗ ಒಪ್ಪಿದ್ದಾನೆ. ದಿನಾ ಆಗುವುದಿಲ್ಲ.

ಹಿರಿಯ ಮೇಡಂ ಚೀಟಿಯ ಹಿಂದೆ 14416 ಅಂತ ಬರೆದುಕೊಟ್ಟಿದ್ದರು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೂರು ವಾರ ಬಿಟ್ಟು ಮತ್ತೆ ಹೋದೆವು. ಅದೇ ಕುರ್ಚಿ, ಅದೇ ಕಡ್ಡಿ. "ಎರಡು, ಮೂರು, ಎರಡು. ರಕ್ತ ಇಲ್ಲ." ಒಂದೆರಡು ಕಡೆ ಬಿಟ್ಟರೆ ವಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೆನ್ನೆಯ ಒಳಗಿನ ಬಿಳಿ ಗೆರೆ ಮಾತ್ರ ಹಾಗೇ ಇತ್ತು. "ಹಲ್ಲು ಕಚ್ಚೋದು ಇನ್ನೂ ಬಿಟ್ಟಿಲ್ಲ" ಅಂದರು ಡಾಕ್ಟರು. ನೀಟ್ ಇನ್ನೂ ಮುಂದಿತ್ತು.

ಮನೆಗೆ ಬಂದ ರಾತ್ರಿ ನೀರು ಕುಡಿಯಲು ಎದ್ದಾಗ ಮಾಳಿಗೆಯ ಮೆಟ್ಟಿಲ ಮೇಲೆ ಅವನ ದನಿ ಕೇಳಿಸಿತು. ಮೆಲ್ಲಗೆ, ತಡೆದು ತಡೆದು ಮಾತಾಡುತ್ತಿದ್ದ. ಮೊಬೈಲು ಕಿವಿಯಲ್ಲಿತ್ತು, ತೊಡೆಯ ಮೇಲೆ ಆಸ್ಪತ್ರೆಯ ಚೀಟಿ ಮಗುಚಿ ಇಟ್ಟುಕೊಂಡಿದ್ದ. ನಾನು ಸದ್ದು ಮಾಡದೆ ಒಳಗೆ ಬಂದು ಮಲಗಿದೆ. ಏನು ಮಾತಾಡಿದೆ ಅಂತ ಈವರೆಗೂ ಕೇಳಿಲ್ಲ.