ಹೂ ಮಳೆ ಬಿದ್ದ ವಾರ ಮೂಡಿಗೆರೆಯಲ್ಲಿ

ಮಾರ್ಚ್ ಕೊನೆಯಲ್ಲಿ ಮಲೆನಾಡಿಗೆ ಹೊರಟರೆ ಜನ ನಗುತ್ತಾರೆ. ಜಲಪಾತದಲ್ಲಿ ನೀರಿಲ್ಲ, ಮಂಜಿಲ್ಲ, ಗುಡ್ಡದ ತುಂಬ ಒಣಹುಲ್ಲು. ಆದರೆ ಕಾಫಿ ಹೂ ನೋಡಬೇಕಾದರೆ ಇದೇ ಕಾಲ. ತಾರೀಖು ಮಾತ್ರ ಯಾರೂ ಮೊದಲೇ ಹೇಳಲಾರರು. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂವು ಅರಳುತ್ತದೆ, ಮೂರು-ನಾಲ್ಕು ದಿನ ಇರುತ್ತದೆ, ಅಷ್ಟೇ. ಹಾಗಾಗಿ ರೂಮು ಬುಕ್ ಮಾಡಿ ಹೋಗುವ ಪ್ರವಾಸ ಇದಲ್ಲ. ಮೂಡಿಗೆರೆ ಕಡೆಯ ಗೆಳೆಯ ಫೋನ್ ಮಾಡಿ, 'ನಮ್ಮ ದೊಡ್ಡಪ್ಪನ ತೋಟಕ್ಕೆ ಮಳೆ ಆಯ್ತು ಮಾರಾಯ, ಮುಂದಿನ ವಾರ ಬಂದ್ಬಿಡು' ಅಂದ. ಹೊರಟೆ.

ಹಾಸನ ದಾಟುವವರೆಗೆ ಹೊಲಗಳೆಲ್ಲ ಖಾಲಿ. ಆಲೂಗಡ್ಡೆ ಬಿತ್ತನೆಗೆ ಮುಂಗಾರಿನ ಮೊದಲ ಹನಿಗಳು ಬರಬೇಕು. ಬೇಲೂರು ಕಳೆದ ಮೇಲೆ ನೋಟ ಬದಲಾಗುತ್ತದೆ. ಬಯಲು ಮುಗಿದು ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಪಡುವಣಕ್ಕೆ ಹೋದಷ್ಟೂ ಮಳೆ ಜಾಸ್ತಿ. ಬಸ್ಸಿನ ಕಿಟಕಿಯಲ್ಲಿ ಕೂತೇ ಅದು ಗೊತ್ತಾಗುತ್ತದೆ.

ಬಾಬಾ ಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಆ ತೋಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರೈಟರ್, ಅಂದರೆ ತೋಟದ ಗುಮಾಸ್ತ, ಬರೆದಿಟ್ಟ ಒಂದು ಹಳೆಯ ರಿಜಿಸ್ಟರ್. ಬೆಳಿಗ್ಗೆ ಮಳೆ ಮಾಪಕ ನೋಡಿ ಪ್ರತಿದಿನ ಬರೆದದ್ದು. ಲೆಕ್ಕ ಮಿಲಿಮೀಟರಲ್ಲಿ ಅಲ್ಲ, ಇಂಚು ಮತ್ತು ಸೆಂಟ್ಸಿನಲ್ಲಿ. ನೂರು ಸೆಂಟ್ಸ್ ಅಂದರೆ ಒಂದು ಇಂಚು. ಇಲ್ಲಿ ಇಬ್ಬರು ಬೆಳೆಗಾರರು ಸಿಕ್ಕರೆ 'ಊಟ ಆಯ್ತಾ' ಅನ್ನೋದಕ್ಕಿಂತ ಮೊದಲು 'ಎಷ್ಟು ಸೆಂಟ್ಸ್?' ಅಂತ ಕೇಳುತ್ತಾರೆ.

ಯಾಕೆ ಅಂತ ದೊಡ್ಡಪ್ಪ ತೋಟ ಸುತ್ತಿಸುತ್ತಾ ಹೇಳಿದರು. ಕಾಫಿ ಗಿಡಕ್ಕೆ ಮಳೆಗಿಂತ ಮೊದಲು ಬಿಸಿಲು ಬೇಕು. ಡಿಸೆಂಬರಿನಿಂದ ಎರಡು ಮೂರು ತಿಂಗಳು ಒಣಗಬೇಕು. ಆಗ ಮೊಗ್ಗು ಕೂತಲ್ಲೇ ಮಲಗಿರುತ್ತದೆ. ಆಮೇಲೆ ಒಂದು ಒಳ್ಳೆಯ ಮಳೆ, ಅಂದರೆ ಒಂದರಿಂದ ಒಂದೂವರೆ ಇಂಚು. ಅದೇ ಹೂ ಮಳೆ. ಇಲ್ಲಿ ಬೆಳೆಯೋದು ಎರಡು ಜಾತಿಯ ಕಾಫಿ. ರೊಬಸ್ಟಾಗೆ ಫೆಬ್ರವರಿ-ಮಾರ್ಚಿನಲ್ಲಿ, ಅರೇಬಿಕಾಗೆ ಮಾರ್ಚ್-ಏಪ್ರಿಲ್‌ನಲ್ಲಿ. ಅಲ್ಲಿಗೂ ಮುಗಿಯಲಿಲ್ಲ. ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗ ತೊಳೆದು ಹೋಗುತ್ತದೆ. ರೊಬಸ್ಟಾಗಂತೂ ಬೇರೆ ಗಿಡದ ಪರಾಗವೇ ಬೇಕು. ಗಾಳಿ, ಜೇನು ಎರಡೂ ಕೆಲಸ ಮಾಡಬೇಕು. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಅದಕ್ಕೆ ಇವರು ಬ್ಯಾಕಿಂಗ್ ಅಂತಾರೆ. ಅದು ಬರದಿದ್ದರೆ ಕಚ್ಚಿದ ಕಾಯಿ ನಿಲ್ಲೋದಿಲ್ಲ. ವರ್ಷದ ಸಂಪಾದನೆ ಈ ಎರಡು ಮಳೆಯ ಮೇಲೆ!

ನಾವು ಹೋದಾಗ ಅರೇಬಿಕಾ ಪೂರ್ತಿ ಬಿಳಿ. ಕೊಂಬೆಯ ಗೆಣ್ಣು ಗೆಣ್ಣಿಗೂ ಗೊಂಚಲು. ಮಲ್ಲಿಗೆ ಥರ ಪರಿಮಳ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದು ಮಲ್ಲಿಗೆಗಿಂತ ಸಿಹಿ ಅನ್ನಿಸಿತು, ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಆಗುವಷ್ಟು. ಕೆಳಗಿನ ರೊಬಸ್ಟಾದಲ್ಲಿ ಹೂವು ಎಂದೋ ಮುಗಿದು ಕಂದುಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಮಳೆ ಕಾದಿರಲಿಲ್ಲ. ಕೆರೆಗೆ ಪಂಪ್ ಹಾಕಿ ಸ್ಪ್ರಿಂಕ್ಲರ್ ಹೊಡೆದು ಮಳೆಯನ್ನು ತಾವೇ ಮಾಡಿಕೊಂಡಿದ್ದರು. 'ಕೆರೆ ಇದ್ದವನಿಗೆ ಹೂವು' ಅಂದರು ದೊಡ್ಡಪ್ಪ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪ್ ಹಾಕಿದರೆ ಹಳ್ಳದಲ್ಲಿ ಉಳಿಯೋದೆಷ್ಟು ಅಂತ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಕಾಫಿ ಬಂತು.

ಅರೇಬಿಕಾ ಬಗ್ಗೆ ಅವರಿಗೆ ಅಷ್ಟು ಉತ್ಸಾಹ ಉಳಿದಿಲ್ಲ. ಬಿಸಿಲು ಹೆಚ್ಚಿದರೆ ಬಿಳಿ ಕಾಂಡಕೊರಕ ಹುಳ ಜೋರು. ನೆರಳು ಇಟ್ಟರೆ ಅದು ಕಡಿಮೆ, ಆದರೆ ಮಳೆಗಾಲದಲ್ಲಿ ನೆರಳು ಜಾಸ್ತಿಯಾದರೆ ಕೊಳೆರೋಗ. ಅದಕ್ಕೇ ಪ್ರತಿವರ್ಷ ಮರಗಸಿ ಮಾಡುವಾಗ ಯಾವ ಕೊಂಬೆ ಕಡಿಯಬೇಕು, ಯಾವುದು ಬಿಡಬೇಕು ಅಂತ ಜಗಳವೇ ಆಗುತ್ತದಂತೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್. 795 ತಳಿ 1940ರ ದಶಕದ್ದು, ಇನ್ನೂ ಇವರ ತೋಟದಲ್ಲಿದೆ. ಪಕ್ಕದಲ್ಲೇ ಚಂದ್ರಗಿರಿ ಅನ್ನೋ ಅರೇಬಿಕಾ ತಳಿಯೂ ಇದೆ. ಆದರೂ ಸತ್ತ ಗಿಡದ ಜಾಗಕ್ಕೆ ಈಗ ಹಾಕುತ್ತಿರುವುದು ರೊಬಸ್ಟಾ. ಇಡೀ ದೇಶದಲ್ಲೇ ಈಗ ನೂರಕ್ಕೆ ಸುಮಾರು 70 ಭಾಗ ಕಾಫಿ ರೊಬಸ್ಟಾ.

ಕೊಯ್ಲಿನ ಹೊತ್ತಿನ ಮಳೆಯ ಮಾತು ಬಂದಾಗ ರೈಟರ್ 2021ರ ನವೆಂಬರ್ ಪುಟ ತೆಗೆದರು. ಒಣಗಬೇಕಾದ ತಿಂಗಳಲ್ಲಿ ಸಾಲು ಸಾಲು ಅಂಕಿ. ಗಿಡದಲ್ಲಿದ್ದ ಹಣ್ಣು ಒಡೆದು ಉದುರಿತು, ಕಣದಲ್ಲಿ ಹರಡಿದ್ದು ಬೂಸ್ಟು ಹಿಡಿಯಿತು. ಅಂಥ ಮಳೆ ಬಂದರೆ ಒಂದೇ ಕೊಂಬೆಯಲ್ಲಿ ಹಣ್ಣು, ಕಾಯಿ, ಅಕಾಲದ ಹೂವು ಮೂರೂ ಕಾಣುತ್ತವೆ. ನೋಡೋಕೆ ಚಂದ, ಕೊಯ್ಯೋರಿಗೆ ಕಷ್ಟ.

ಬೆಲೆ ಮಾತ್ರ ಇನ್ಯಾರದ್ದೋ ಹವಾಮಾನದ ಮೇಲೆ ನಿಂತಿದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ಬ್ರೆಜಿಲ್‌ನಲ್ಲಿ ಬರ ಬಿದ್ದದ್ದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ದೊಡ್ಡಪ್ಪ ಸಂಜೆ ಮೊಬೈಲಿನಲ್ಲಿ ಮೊದಲು ಮೂಡಿಗೆರೆ ಮೋಡ ನೋಡುತ್ತಾರೆ, ಆಮೇಲೆ ಬ್ರೆಜಿಲಿನ ಮೋಡ.

ಮರುದಿನ ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಕಳಸದ ಕಡೆ ಹೊರಟೆವು. ಚಾರ್ಮಾಡಿ ಘಾಟಿ ಇಲ್ಲಿಂದಲೇ ಇಳಿಯುತ್ತದೆ. 2019ರ ಆಗಸ್ಟಿನ ಮಳೆಗೆ ಅಲ್ಲಿ ಗುಡ್ಡ ಕುಸಿದಿತ್ತು, ಈ ಕಡೆಯ ಹಳ್ಳಿಗಳಲ್ಲಿ ತೋಟವೂ ಮನೆಯೂ ಮಣ್ಣಿನಡಿ ಹೋಗಿದ್ದವು. ದಾರಿಯಲ್ಲಿ ಗೆಳೆಯನ ಚಿಕ್ಕಮ್ಮನ ಫೋನ್ ಬಂತು. ಅವರ ತೋಟ ಕಳಸದ ಹತ್ತಿರ.

'ರಾತ್ರಿ ನಿಮ್ಮಲ್ಲಿ ಬಂತಾ ಚಿಕ್ಕಮ್ಮ?'

'ಬಂತು ಮಗಾ, ಹದಿನೈದು ಸೆಂಟ್ಸ್. ಬರದಿದ್ರೇ ಒಳ್ಳೇದಿತ್ತು.'

ಅರೆಬರೆ ಮಳೆಗೆ ಮೊಗ್ಗು ಎಚ್ಚರಾಗುತ್ತದೆ, ಅರಳುವಷ್ಟು ನೀರು ಸಿಗದೆ ಕರಟುತ್ತದೆ. ಅವರ ಪಂಪ್ ರಿಪೇರಿಗೆ ಹೋಗಿತ್ತು. ಗೆಳೆಯ ಕಾರು ತಿರುಗಿಸಿದ, ದೊಡ್ಡಪ್ಪನ ಹಳೆಯ ಡೀಸೆಲ್ ಪಂಪನ್ನು ಪಿಕಪ್ಪಿಗೆ ಏರಿಸಿಕೊಂಡು ಹೋಗೋಕೆ.