ಅವನು ಟೈಸನ್ ಅಲ್ಲ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ಗೋಡೆಯ ಮೇಲೆ ಮೂರು ಫೋಟೋ ಇವೆ. ಲಕ್ಷ್ಮಿ, ನಮ್ಮಪ್ಪ, ಮತ್ತೆ ಬೋಳು ತಲೆಯ ಒಬ್ಬ ಬಾಕ್ಸರ್. ಮೊದಲ ಎರಡರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸುವ ಊರಿನಲ್ಲಿ ಇನ್ನೂ ಅಳತೆ ಕೊಟ್ಟು ಪ್ಯಾಂಟ್ ಹೊಲಿಸುವವರು ಕಡಿಮೆ. ಹಾಗೆ ಬರುವವರಿಗೆ ಪುರುಸೊತ್ತು ಜಾಸ್ತಿ. ಸುತ್ತ ಕಣ್ಣಾಡಿಸಿ ಕೇಳುತ್ತಾರೆ: "ಅಣ್ಣಾ, ಇವನು ಟೈಸನ್ ಅಲ್ವಾ?"

ಅಲ್ಲ. ಕಪ್ಪಗಿದ್ದು ಕೈಗೆ ಗ್ಲೌಸ್ ಹಾಕಿದವರೆಲ್ಲ ಟೈಸನ್ ಅಲ್ಲ. ಟೈಸನ್ ಹೆವಿವೇಟ್. ಇವನು ಮಾರ್ವಿನ್ ಹ್ಯಾಗ್ಲರ್, ಮಿಡಲ್‌ವೇಟ್. 1980ರಿಂದ 1987ರವರೆಗೆ ವಿಶ್ವ ಚಾಂಪಿಯನ್. ಟಿವಿಯವರು ತನ್ನನ್ನು 'ಮಾರ್ವೆಲಸ್' ಅಂತ ಕರೆಯುತ್ತಿಲ್ಲ ಅಂತ ಸಿಟ್ಟಾಗಿ, 1982ರಲ್ಲಿ ಕಾನೂನು ಪ್ರಕಾರವೇ ಹೆಸರನ್ನು ಮಾರ್ವೆಲಸ್ ಮಾರ್ವಿನ್ ಹ್ಯಾಗ್ಲರ್ ಅಂತ ಬದಲಾಯಿಸಿಕೊಂಡ. ಆಧಾರ್ ತಿದ್ದುಪಡಿಗೆ ಅಲೆದವರಿಗಾದರೂ ಈ ಹಟ ಎಂಥದ್ದು ಅಂತ ಗೊತ್ತಾಗಬೇಕು.

ಮಿಡಲ್‌ವೇಟ್ ಅಂದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ 160 ಪೌಂಡ್ ಮಿತಿ, ಸುಮಾರು 72.5 ಕಿಲೋ. 2008ರಲ್ಲಿ ನಮ್ಮ ವಿಜೇಂದರ್ ಸಿಂಗ್ ಬೀಜಿಂಗ್‌ನಿಂದ ಕಂಚು ತಂದಿದ್ದೂ ಮಿಡಲ್‌ವೇಟ್‌ನಲ್ಲೇ, ಆದರೆ ಒಲಿಂಪಿಕ್ಸ್‌ನಲ್ಲಿ ಆಗ ಮಿತಿ 75 ಕಿಲೋ ಇತ್ತು. ಇದನ್ನು ಹೇಳಿದ ಕೂಡಲೇ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು, "ಅಷ್ಟೇನಾ? ನನ್ನಷ್ಟೇ ಇದ್ದಾನಲ್ಲ!" ಅನ್ನುತ್ತಾನೆ. ತೂಕ ನಿನ್ನಷ್ಟೇ ಕಣಪ್ಪಾ. ಸೊಂಟದ ಅಳತೆ ಈಗ ತಾನೆ ನಾನೇ ತಗೊಂಡಿದ್ದೇನೆ.

"ಇದೂ ಡಬ್ಲ್ಯೂಡಬ್ಲ್ಯೂಇ ಥರ ಮೊದಲೇ ಫಿಕ್ಸ್ ಅಲ್ವಾ?" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಪ್ಯಾಂಟ್ ಹೊಲಿದು ಕೊಟ್ಟು ಕಳಿಸುತ್ತೇನೆ.

ಇದನ್ನೆಲ್ಲ ಬರೆಯುವ ಹಾಗೆ ಮಾಡಿದವರು ಒಬ್ಬ ಕಾಲೇಜು ಮೇಷ್ಟ್ರು. ದೀಪಾವಳಿ ಗಡಿಬಿಡಿ, ಮಷೀನ್ ಮೇಲೆ ರಾಶಿ ಬಟ್ಟೆ. ಆದರೂ ಅವರು ಕೇಳಿದರು ಅಂತ ಖುಷಿಯಿಂದ ಎಲ್ಲ ಹೇಳಿದೆ. ಅವರು ಕೇಳುತ್ತಲೇ ಮೊಬೈಲ್ ತೆಗೆದು ಹುಡುಕಿದರು. ಆಮೇಲೆ ಪರೀಕ್ಷೆ ಪೇಪರಿನಲ್ಲಿ ತಪ್ಪು ಸಿಕ್ಕವರ ಹಾಗೆ ತಲೆ ಎತ್ತಿದರು. "ಕೊನೇ ಮ್ಯಾಚ್ ಸೋತಿದ್ದಾನಲ್ರೀ. ಸೋತವನ ಫೋಟೋ ಯಾಕೆ ಹಾಕ್ಕೊಂಡಿದ್ದೀರಿ? ಅಂಗಡಿಗೆ ಒಳ್ಳೇದಲ್ಲ."

67 ಪಂದ್ಯ. 62 ಗೆಲುವು, ಅದರಲ್ಲಿ 52 ನಾಕೌಟ್. ಎರಡು ಡ್ರಾ. ಸೋಲು ಮೂರೇ. ಮೊದಲ ಎರಡು 1976ರಲ್ಲಿ ಫಿಲಡೆಲ್ಫಿಯಾದಲ್ಲಿ, ಅಲ್ಲಿಯವರೇ ಆದ ಬಾಬಿ ವಾಟ್ಸ್ ಮತ್ತು ವಿಲ್ಲಿ ಮನ್ರೋ ಕೈಯಲ್ಲಿ. ಆಮೇಲೆ ಇಬ್ಬರನ್ನೂ ಹೊಡೆದು ಲೆಕ್ಕ ಚುಕ್ತಾ ಮಾಡಿದ. ಉಳಿದದ್ದು ಮೇಷ್ಟ್ರಿಗೆ ಸಿಕ್ಕ ಆ ಒಂದು. 1987ರ ಏಪ್ರಿಲ್ 6, ಲಾಸ್ ವೇಗಾಸ್, ಎದುರಿಗೆ ಶುಗರ್ ರೇ ಲಿಯೊನಾರ್ಡ್.

ಲಿಯೊನಾರ್ಡ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ. ಸುಮಾರು ಮೂರು ವರ್ಷ ರಿಂಗಿಗೆ ಇಳಿದಿರಲಿಲ್ಲ. ಆದರೂ ಷರತ್ತು ಅವನದು. ಹದಿನೈದು ರೌಂಡ್ ಬೇಡ, ಹನ್ನೆರಡು ಸಾಕು ಅಂದ. ಹ್ಯಾಗ್ಲರ್ ಒಪ್ಪಿದ. ಅಷ್ಟೇ ಅಲ್ಲ, ಎಡಚನಾದವನು ಮೊದಲ ರೌಂಡುಗಳಲ್ಲಿ ಬಲಗೈಯವರ ಹಾಗೆ ನಿಂತು ಆಡಿದ. ಇದಕ್ಕೆ ಮಾತ್ರ ನನ್ನ ಹತ್ತಿರ ಸಮರ್ಥನೆ ಇಲ್ಲ. ಆ ರೌಂಡುಗಳು ಸುಮ್ನೆ ಕೈಬಿಟ್ಟು ಹೋದವು.

ಒಂದು ರೌಂಡ್ ಗೆದ್ದವನಿಗೆ ಹತ್ತು ಪಾಯಿಂಟ್, ಸೋತವನಿಗೆ ಸಾಮಾನ್ಯವಾಗಿ ಒಂಬತ್ತು. ಮೂವರು ಜಡ್ಜ್‌ಗಳು ಬೇರೆ ಬೇರೆ ಬರೆಯುತ್ತಾರೆ. ಅವತ್ತು ಒಬ್ಬರು ಹ್ಯಾಗ್ಲರ್‌ಗೆ 115-113 ಕೊಟ್ಟರು. ಇನ್ನೊಬ್ಬರು ಅಷ್ಟನ್ನೇ ಲಿಯೊನಾರ್ಡ್‌ಗೆ ಕೊಟ್ಟರು. ಸರಿ, ಅಲ್ಲಿಗೆ ಸಮ. ಮೂರನೆಯವರು ಲಿಯೊನಾರ್ಡ್‌ಗೆ 118-110 ಬರೆದರು. ಅಂದರೆ ಹನ್ನೆರಡರಲ್ಲಿ ಹತ್ತು ರೌಂಡ್ ಅವನದೇ! ಲಿಯೊನಾರ್ಡ್ ಗೆದ್ದ ಅಂದರೆ ಒಪ್ಪಬಹುದು. ಆದರೆ ಹತ್ತು ರೌಂಡ್ ಗೆದ್ದ ಅಂದರೆ ನಾನು ಕತ್ತರಿ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಮೇಷ್ಟ್ರ ಜೊತೆಗೂ ನಿಂತೆ.

ಅವರು ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ಅಂಥವನು ಚಾಂಪಿಯನ್ ಆಗೋಕೆ ಅಷ್ಟು ತಡ ಯಾಕಾಯಿತು?

ಹ್ಯಾಗ್ಲರ್ ವೃತ್ತಿಪರನಾದದ್ದು 1973ರಲ್ಲಿ. ಕೋಚ್‌ಗಳಾಗಿದ್ದ ಪೆಟ್ರೊನೆಲ್ಲಿ ಅಣ್ಣತಮ್ಮಂದಿರದ್ದೇ ಕಟ್ಟಡದ ವ್ಯವಹಾರ ಇತ್ತು. ಇವನು ಅದರಲ್ಲಿ ಕೂಲಿ ಮಾಡುತ್ತಾ ಬಾಕ್ಸಿಂಗ್ ಆಡಿದ. ವಿಶ್ವ ಪಟ್ಟಕ್ಕೆ ಮೊದಲ ಅವಕಾಶ ಸಿಕ್ಕಿದ್ದು 1979ರ ನವೆಂಬರ್‌ನಲ್ಲಿ, ತನ್ನ 50ನೇ ಪಂದ್ಯದಲ್ಲಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಐಪಿಎಲ್ ಥರ ಎಲ್ಲರ ಜೊತೆಗೂ ಆಡಲೇಬೇಕು ಅನ್ನುವ ಪಟ್ಟಿ ಇರುವುದಿಲ್ಲ. ಯಾರ ಜೊತೆ ಆಡಿದರೆ ದುಡ್ಡು ಬರುತ್ತೆ, ಯಾರ ಜೊತೆ ಆಡಿದರೆ ಚಾಂಪಿಯನ್ ಪಟ್ಟದ ಬೆಲ್ಟ್ ಹೋಗುತ್ತೆ ಅಂತ ಚಾಂಪಿಯನ್ ಕಡೆಯವರು ಲೆಕ್ಕ ಹಾಕುತ್ತಾರೆ. ಜೋರಾಗಿ ಹೊಡೆಯುವ, ಹೆಸರಿಲ್ಲದ ಎಡಚ ಎರಡೂ ಲೆಕ್ಕದಲ್ಲಿ ನಷ್ಟ. ಆದ್ದರಿಂದ ಸುಮ್ನೆ ತಪ್ಪಿಸಿಕೊಂಡು ತಿರುಗಿದರು. ಕೊನೆಗೆ ಸಿಕ್ಕ ಆ ಮೊದಲ ಅವಕಾಶವೂ ವಿಟೊ ಆಂಟುಫೆರ್ಮೊ ಜೊತೆ ಡ್ರಾ ಆಯಿತು. ಡ್ರಾ ಆದರೆ ಬೆಲ್ಟ್ ಹಳೇ ಚಾಂಪಿಯನ್ ಹತ್ತಿರವೇ ಉಳಿಯುತ್ತದೆ.

ಮರುವರ್ಷ ಲಂಡನ್‌ನಲ್ಲಿ, ಅಷ್ಟರಲ್ಲಿ ಚಾಂಪಿಯನ್ ಆಗಿದ್ದ ಇಂಗ್ಲೆಂಡಿನ ಅಲನ್ ಮಿಂಟರ್‌ನನ್ನು ಮೂರೇ ರೌಂಡಿಗೆ ಮುಗಿಸಿದ. ಜನ ಬಿಯರ್ ಬಾಟಲಿ ಎಸೆದರು. ಬೆಲ್ಟ್ ಕಟ್ಟಿಸಿಕೊಳ್ಳುವುದು ಹಾಗಿರಲಿ, ಅವನ ಕಡೆಯವರು ಅಡ್ಡ ನಿಂತು ಅವನ ತಲೆ ಕಾಯಬೇಕಾಯಿತು. ಆಮೇಲೆ ಹನ್ನೆರಡು ಸಲ ಆ ಪಟ್ಟ ಉಳಿಸಿಕೊಂಡ. ಹದಿನೈದು ರೌಂಡ್ ಪೂರ್ತಿ ನಿಂತವನು ರಾಬರ್ಟೊ ಡುರಾನ್ ಒಬ್ಬನೇ. 1985ರಲ್ಲಿ ಥಾಮಸ್ ಹರ್ನ್ಸ್ ಜೊತೆ ಆಡಿದ್ದು ಮೂರೇ ರೌಂಡ್. ನೋಡದವರು ನೋಡಿ. ಅದನ್ನು ವಿವರಿಸೋಕೆ ಹೋಗಿ ಒಂದು ಸಲ ತೋಳಿನ ಅಳತೆ ತಪ್ಪು ಬರೆದುಕೊಂಡಿದ್ದೇನೆ.

ಈ ಕಾಯುವ ಕಥೆ ನಮ್ಮ ಕಡೆ ಈಗ ಕೇಳಬೇಕಾದದ್ದು. ಹೊಸಪೇಟೆ ದಾರಿಯಲ್ಲಿ, ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಅಲ್ಲಿ ತಯಾರಾದ ನಿಶಾಂತ್ ದೇವ್ ಪ್ಯಾರಿಸ್ ಒಲಿಂಪಿಕ್ಸ್ ಆಡಿ ಬಂದು, 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯ ಗೆದ್ದ. ಮಿಡಲ್‌ವೇಟ್‌ಗಿಂತ ಒಂದು ಮೆಟ್ಟಿಲು ಕೆಳಗೆ ಆಡುತ್ತಾನೆ, ಅವನೂ ಎಡಚನೇ. "ವಿಶ್ವ ಚಾಂಪಿಯನ್ ಯಾವಾಗ ಆಗ್ತಾನೆ?" ಅಂತ ಈಗಾಗಲೇ ಕೇಳುವವರಿದ್ದಾರೆ. ಸ್ವಲ್ಪ ತಡೀರಿ.

ಮೇಷ್ಟ್ರ ಆ ಸೋಲಿನ ವಿಷಯಕ್ಕೆ ಬಂದರೆ, ಹ್ಯಾಗ್ಲರ್ ಮತ್ತೊಂದು ಪಂದ್ಯಕ್ಕಾಗಿ ವರ್ಷದ ಮೇಲೆ ಕಾದ. ಸಿಗಲಿಲ್ಲ. 1988ರಲ್ಲಿ ಬಾಕ್ಸಿಂಗ್ ಬಿಟ್ಟು, ಇಟಲಿಗೆ ಹೋಗಿ ಸಿನಿಮಾದಲ್ಲಿ ನಟಿಸಿದ. ಆಮೇಲೆ ಲಿಯೊನಾರ್ಡ್ ತಾನಾಗಿ ಬಂದು ಮತ್ತೆ ಆಡೋಣ ಅಂದಾಗ ಬೇಡ ಅಂದ. 2021ರಲ್ಲಿ ಸಾಯುವವರೆಗೂ ಮತ್ತೆ ರಿಂಗಿಗೆ ಇಳಿಯಲಿಲ್ಲ. ಲಿಯೊನಾರ್ಡ್ ಮಾತ್ರ ಬಿಟ್ಟೆ ಬಿಟ್ಟೆ ಅನ್ನುತ್ತಾ 1997ರವರೆಗೂ ಬರುತ್ತಲೇ ಇದ್ದ. ಅವನ ಕೊನೆಯ ಎರಡು ಪಂದ್ಯಗಳಲ್ಲಿ ಎರಡೂ ಸೋಲೇ. ಅದನ್ನೂ ಮೊಬೈಲಿನಲ್ಲಿ ಹುಡುಕಿ ನೋಡಿ, ಮೇಷ್ಟ್ರೇ.